ಪ್ಲಾಂಕ್ಟನ್ ಪಳೆಯುಳಿಕೆಗಳಿಂದ ಹಿಮಯುಗದ ಕಡಲ ತಾಪಮಾನ ತಿಳಿಯುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಡಲ ತಳದ ಕೆಸರು ತೊಳೆದು, ಅದರಲ್ಲಿ ಸಿಕ್ಕ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳನ್ನು ಪ್ರಭೇದವಾರು ಎಣಿಸಿ, ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಒಂದು ತಾಪಮಾನ ಬಂದೇ ಬರುತ್ತದೆ. ಚಿಪ್ಪುಗಳು ಅರ್ಧಕ್ಕರ್ಧ ಕರಗಿದ್ದರೂ ಬರುತ್ತದೆ, ಮಾದರಿಯ ವಯಸ್ಸು ಐದು ಸಾವಿರ ವರ್ಷ ತಪ್ಪಿದ್ದರೂ ಬರುತ್ತದೆ, ಒಂದು ಪ್ರಭೇದವನ್ನು ಇನ್ನೊಂದೆಂದು ಗುರುತಿಸಿದ್ದರೂ ಬರುತ್ತದೆ. ಅದೂ ದಶಮಾಂಶದ ಸಮೇತ. ಈ ಕೆಲಸದಲ್ಲಿ ಮತ್ತೆ ಮತ್ತೆ ಎಡವುವವರಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ, ಹಂತಗಳ ಸರದಿ ತಪ್ಪಿರುತ್ತದೆ. ಮೊದಲು ಎಣಿಸಿ, ಆಮೇಲೆ ವಯಸ್ಸು ನೋಡಿ, ಚಿಪ್ಪು ಕರಗಿದೆಯೇ ಎಂಬುದನ್ನು ಕೊನೆಗೂ ನೋಡದೆ ಬಿಟ್ಟಿರುತ್ತಾರೆ.

ಹಾಗಾಗಿ ಇಲ್ಲಿ ಒತ್ತು ಸರದಿಯ ಮೇಲೆ. ತಾಪಮಾನ ಎಂಬ ಅಂಕಿ ಎಲ್ಲಕ್ಕಿಂತ ಕೊನೆಗೆ ಬರಬೇಕು. ಅದಕ್ಕೆ ಮೊದಲಿನ ಪ್ರತಿ ಹಂತದಲ್ಲೂ ಮಾದರಿಯನ್ನು ಕೈಬಿಡುವ ಅವಕಾಶ ನಿಮಗಿರಬೇಕು.

ಕೆಳಗಿನ ವಿವರಣೆ ಮುಖ್ಯವಾಗಿ ಕಡಲ ಮೇಲ್ಪದರದಲ್ಲಿ ತೇಲಿ ಬದುಕುವ ಫೊರಾಮಿನಿಫೆರಾಗಳಿಗೆ ಸಂಬಂಧಿಸಿದ್ದು. ಗುರಿಯ ಅವಧಿ ಕಳೆದ ಹಿಮಯುಗದ ಪರಾಕಾಷ್ಠೆ, ಅಂದರೆ ಇಂದಿಗೆ 23,000ದಿಂದ 19,000 ವರ್ಷಗಳ ಹಿಂದಿನ ಕಾಲ. ಡಯಾಟಮ್‌ (ಸಿಲಿಕಾ ಚಿಪ್ಪಿನ ಪಾಚಿ) ಮತ್ತು ಕಾಕೊಲಿಥೊಫೋರ್‌ಗಳು (ಸುಣ್ಣದ ಬಿಲ್ಲೆ ಹೊದ್ದ ಪಾಚಿ) ಎಲ್ಲಿ ಬೇಕೋ ಅಲ್ಲಿ ಬರುತ್ತವೆ.

## ಬೇಕಾಗುವ ಸಾಮಾನು

- ಸ್ಟೇನ್‌ಲೆಸ್ ಸ್ಟೀಲ್ ಜರಡಿಗಳು: ತೊಳೆಯಲು 63 ಮೈಕ್ರಾನ್, ಎಣಿಸಲು 150 ಮೈಕ್ರಾನ್, ರಾಸಾಯನಿಕ ವಿಶ್ಲೇಷಣೆಗೆ 250 ಮತ್ತು 355 ಮೈಕ್ರಾನ್
- 80 ಪಟ್ಟಿನವರೆಗಾದರೂ ದೊಡ್ಡದಾಗಿ ತೋರಿಸುವ ಸ್ಟೀರಿಯೊ ಸೂಕ್ಷ್ಮದರ್ಶಕ, ಪಕ್ಕದಿಂದ ಬೀಳುವ ಬೆಳಕು
- ಒಣ ಮಾದರಿಯನ್ನು ಸರಿಯಾಗಿ ಅರ್ಧ ಮಾಡುವ ಮೈಕ್ರೊಸ್ಪ್ಲಿಟರ್
- ಗೆರೆ ಹಾಕಿದ ಕಪ್ಪು ತಟ್ಟೆ, 60 ಮನೆಗಳ ಸ್ಲೈಡ್‌ಗಳು, 000 ಸಂಖ್ಯೆಯ ಕುಂಚ, ನೀರಿನಲ್ಲಿ ಕರಗುವ ಗೋಂದು
- 50 ಡಿಗ್ರಿ ಸೆಲ್ಸಿಯಸ್ ದಾಟದಂತೆ ಹಿಡಿದಿಡಬಲ್ಲ ಓವನ್, 0.01 ಗ್ರಾಂ ತನಕ ತೋರುವ ತಕ್ಕಡಿ
- ಅಲ್ಟ್ರಾಸೋನಿಕ್ ತೊಟ್ಟಿ, ಮೆಥಿಲೀನ್ ಬ್ಲೂ ದ್ರಾವಣ
- ಪಿಎಚ್ 8ರ ಆಸುಪಾಸಿಗೆ ತಂದ ನೀರು

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಸ್ಟಿಲ್ಡ್ ವಾಟರ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿಎಚ್ 5.6ರ ಹತ್ತಿರಕ್ಕೆ ಇಳಿಯುತ್ತದೆ. ಸುಣ್ಣದ ಚಿಪ್ಪಿಗೆ ಅದು ಆಮ್ಲವೇ. ಸ್ವಲ್ಪ ಅಮೋನಿಯಾ ಬೆರೆಸಿ ಸರಿಪಡಿಸಿಕೊಂಡ ನೀರನ್ನೇ ಬಳಸಿ. ಪ್ರತಿ ದಿನ ಬೆಳಗ್ಗೆ ಪಿಎಚ್ ಅಳೆಯಿರಿ.

## ಹಂತ 1: ಕೋರ್ ಆಯ್ಕೆ

ಕೋರ್ ಎಂದರೆ ಕೊಳವೆ ಇಳಿಸಿ ಕಡಲತಳದಿಂದ ತೆಗೆದ ಕೆಸರಿನ ಕಂಬ. ನೋಡಬೇಕಾದ ವಿಷಯ ಮೂರು: ನೀರಿನ ಆಳ, ಕೆಸರು ಶೇಖರವಾಗುವ ವೇಗ, ಕೋರ್‌ನ ಮೇಲ್ತುದಿ.

ಆಳ ಹೆಚ್ಚಿದಂತೆ ಕಡಲನೀರು ಕ್ಯಾಲ್ಸೈಟನ್ನು, ಅಂದರೆ ಚಿಪ್ಪಿನ ಸುಣ್ಣವನ್ನು, ಕರಗಿಸುವ ಶಕ್ತಿ ಪಡೆಯುತ್ತದೆ. ಕರಗುವಿಕೆ ಜೋರಾಗುವ ಆಳ ಅಟ್ಲಾಂಟಿಕ್‌ನಲ್ಲಿ ಕೆಳಗಿದೆ, ಪೆಸಿಫಿಕ್‌ನಲ್ಲಿ ಮೇಲಿದೆ. ಆದ್ದರಿಂದ ಅಟ್ಲಾಂಟಿಕ್‌ನಲ್ಲಿ ಒಳ್ಳೆಯ ಚಿಪ್ಪು ಕೊಟ್ಟ ಆಳವೇ ಪೆಸಿಫಿಕ್‌ನಲ್ಲೂ ಕೊಡುತ್ತದೆ ಎಂದುಕೊಳ್ಳಬೇಡಿ.

ಶೇಖರಣೆಯ ವೇಗದ ವಿಚಾರದಲ್ಲಿ ಆಸೆ ಮತ್ತು ವಾಸ್ತವದ ನಡುವೆ ಹುಳುಗಳು ನಿಂತಿವೆ. ತಳದಲ್ಲಿ ಬದುಕುವ ಜೀವಿಗಳು ಮೇಲಿನ ಸುಮಾರು 10 ಸೆಂ.ಮೀ. ಕೆಸರನ್ನು ಸದಾ ಕಲಸುತ್ತಿರುತ್ತವೆ. ಸಾವಿರ ವರ್ಷಕ್ಕೆ 3 ಸೆಂ.ಮೀ. ಶೇಖರವಾಗುವ ಜಾಗದಲ್ಲಿ ಆ 10 ಸೆಂ.ಮೀ. ಎಂದರೆ 3,300 ವರ್ಷ. ಅಲ್ಲಿ ನೀವು ಅರ್ಧ ಸೆಂ.ಮೀ.ಗೊಂದು ಮಾದರಿ ತೆಗೆದರೂ ಸಿಗುವುದು ಸಾವಿರಾರು ವರ್ಷಗಳ ಸರಾಸರಿಯೇ. 12,900ರಿಂದ 11,700 ವರ್ಷಗಳ ಹಿಂದಿನ ಯಂಗರ್ ಡ್ರಾಯಸ್‌ನಂತಹ ಸಣ್ಣ ಶೀತಾವಧಿಯನ್ನು ಇಂಥ ಕೋರ್‌ನಲ್ಲಿ ಹುಡುಕುವುದು ವ್ಯರ್ಥ. ಹಿಮಯುಗದ ಪರಾಕಾಷ್ಠೆಯ ಸರಾಸರಿ ಸಾಕು ಎಂದಾದರೆ 3 ಸೆಂ.ಮೀ. ನಡೆಯುತ್ತದೆ, ವೇಗದ ಬದಲಾವಣೆ ಬೇಕಾದರೆ ಸಾವಿರ ವರ್ಷಕ್ಕೆ 10 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಜಾಗ ಹುಡುಕಿ.

ಪಿಸ್ಟನ್ ಮತ್ತು ಗ್ರಾವಿಟಿ ಕೋರರ್‌ಗಳು ಮೇಲಿನ ಸಡಿಲ ಕೆಸರನ್ನು ಚದುರಿಸಿಬಿಡುತ್ತವೆ. ಕೋರ್‌ನ ಮೇಲ್ತುದಿ ಇವತ್ತಿನದು ಎಂಬ ನಂಬಿಕೆಯ ಮೇಲೆ ಹೋಲಿಕೆ ಕಟ್ಟಬೇಡಿ. ಮೇಲ್ಪದರವನ್ನು ಕದಡದೆ ತೆಗೆಯುವ ಮಲ್ಟಿಕೋರ್ ಅಥವಾ ಬಾಕ್ಸ್ ಕೋರ್ ಅದೇ ಜಾಗದ್ದು ಇದ್ದರೆ ಅದರೊಂದಿಗೆ ತಾಳೆ ನೋಡಿ.

ಎಚ್ಚರಿಕೆಯ ಗುರುತು: ಕೆಳಗೆ ದಪ್ಪ ಮರಳು, ಮೇಲೆ ಹೋದಂತೆ ನುಣುಪಾಗುವ ಪದರ ಕಂಡರೆ ಅದು ಇಳಿಜಾರಿನಿಂದ ಜಾರಿ ಬಂದ ಕೆಸರು. ಅದರೊಳಗಿನ ಚಿಪ್ಪುಗಳು ಬೇರೆ ಕಾಲದವು, ಬೇರೆ ಜಾಗದವು. ಅಂಥ ಪದರವನ್ನು ಪೂರ್ತಿ ಬಿಟ್ಟುಬಿಡಿ.

## ಹಂತ 2: ಮಾದರಿ ತೆಗೆದು ಪಾಲು ಮಾಡುವುದು

ಕೋರ್‌ನ ಹೊರ ಅಂಚಿನ ಕೆಸರು ಕೊಳವೆಗೆ ಉಜ್ಜಿ ಮೇಲಿನಿಂದ ಕೆಳಕ್ಕೆ ಎಳೆದುಕೊಂಡು ಬಂದಿರುತ್ತದೆ. ಅಂಚಿನ ಅರ್ಧ ಸೆಂ.ಮೀ. ಬಿಟ್ಟು ಒಳಗಿನದನ್ನೇ ತೆಗೆಯಿರಿ. ಒಂದೊಂದು ಮಾದರಿಗೆ ಒಣ ತೂಕದಲ್ಲಿ 10 ಗ್ರಾಂ ಸಿಕ್ಕರೆ ಆರಾಮ.

ತೊಳೆಯುವ ಮೊದಲೇ ಒಂದು ಸಣ್ಣ ಪಾಲನ್ನು, ಎರಡು ಗ್ರಾಂ ಆದರೂ ಸರಿ, ತೆಗೆದು ಬೇರೆ ಇಡಿ. ಕಾಕೊಲಿಥ್ (ಕಾಕೊಲಿಥೊಫೋರ್‌ನ ಸುಣ್ಣದ ಬಿಲ್ಲೆ), ಡಯಾಟಮ್, ಆಲ್ಕಿನೋನ್ (ಕಾಕೊಲಿಥೊಫೋರ್‌ಗಳು ಮಾಡುವ, ತಾಪಮಾನ ತಿಳಿಸುವ ಸಾವಯವ ಅಣು) ಎಲ್ಲವೂ 63 ಮೈಕ್ರಾನ್ ಜರಡಿಯ ಕೆಳಗೆ ಹರಿದುಹೋಗುವ ನುಣುಪಿನಲ್ಲಿವೆ. ಒಮ್ಮೆ ಸಿಂಕ್‌ಗೆ ಹೋದದ್ದು ಮತ್ತೆ ಸಿಗುವುದಿಲ್ಲ.

ಹಸಿ ಕೋರ್‌ಗಳನ್ನು ವರ್ಷಗಟ್ಟಲೆ ಇಟ್ಟಿದ್ದರೆ ಇನ್ನೊಂದು ಅಪಾಯವಿದೆ. ಕೆಸರಿನಲ್ಲಿರುವ ಪೈರೈಟ್ ಗಾಳಿ ತಾಗಿ ಉತ್ಕರ್ಷಣಗೊಂಡು ಸಲ್ಫ್ಯೂರಿಕ್ ಆಮ್ಲ ಆಗುತ್ತದೆ. ಆ ಆಮ್ಲ ಚಿಪ್ಪನ್ನು ತಿಂದು ಜಿಪ್ಸಂ ಮಾಡುತ್ತದೆ. ಸೂಕ್ಷ್ಮದರ್ಶಕದಡಿ ಪಾರದರ್ಶಕ ಸೂಜಿಗಳಂತಹ ಹರಳುಗಳು ಕಂಡರೆ ಆ ಮಾದರಿಯ ಚಿಪ್ಪುಗಳು ಕಡಲಲ್ಲಿ ಕರಗಿದವೋ ಕಪಾಟಿನಲ್ಲಿ ಕರಗಿದವೋ ಹೇಳಲಾಗದು.

## ಹಂತ 3: ತೊಳೆಯುವುದು

1. ಮಾದರಿಯನ್ನು 50 ಡಿಗ್ರಿ ಒಳಗೆ, ಸಾಧ್ಯವಿದ್ದರೆ ಫ್ರೀಜ್ ಡ್ರೈಯರ್‌ನಲ್ಲಿ, ಒಣಗಿಸಿ ತೂಗಿ.
2. ಪಿಎಚ್ ಸರಿಪಡಿಸಿದ ನೀರಿನಲ್ಲಿ ನೆನೆಸಿ, ಶೇಕರ್ ಮೇಲೆ ನಿಧಾನ ವೇಗದಲ್ಲಿ ರಾತ್ರಿಯಿಡೀ ಬಿಡಿ. ಜೇಡಿ ಬಿಡದಿದ್ದರೆ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ತೆಳು ದ್ರಾವಣ ಸೇರಿಸಿ.
3. 63 ಮೈಕ್ರಾನ್ ಜರಡಿಯ ಮೇಲೆ ಸುರಿದು, ಮೇಲಿನಿಂದ ಮೆಲ್ಲನೆ ನೀರು ಸಿಂಪಡಿಸಿ. ಕೆಳಗೆ ಬರುವ ನೀರು ತಿಳಿಯಾಗುವ ತನಕ ನಿಲ್ಲಿಸಬೇಡಿ.
4. ಉಳಿದದ್ದನ್ನು ಫಿಲ್ಟರ್ ಕಾಗದಕ್ಕೆ ಇಳಿಸಿ ಒಣಗಿಸಿ, ಮತ್ತೆ ತೂಗಿ.

ಬೆರಳಿನಿಂದ ಜರಡಿಯ ಮೇಲೆ ಉಜ್ಜುವುದು, ಬಿಸಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬೇಗ ಮುಗಿಸುವುದು: ಇವೆರಡೂ ತೆಳುಗೋಡೆಯ ಚಿಪ್ಪುಗಳನ್ನು ಮೊದಲು ಬಲಿ ತೆಗೆದುಕೊಳ್ಳುತ್ತವೆ. ತೆಳುಗೋಡೆಯವು ಬಹುಪಾಲು ಬೆಚ್ಚಗಿನ ನೀರಿನ ಪ್ರಭೇದಗಳು. ಹೀಗೆ ತೊಳೆಯುವ ಕೈಯೇ ಕಡಲನ್ನು ಒಂದೆರಡು ಡಿಗ್ರಿ ತಣ್ಣಗಾಗಿಸಿಬಿಡಬಹುದು.

ಒಂದು ಮಾದರಿ ಮುಗಿದ ಮೇಲೆ ಜರಡಿಯನ್ನು ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಅಲುಗಿಸಿ, ತೊಳೆದು, ಮೆಥಿಲೀನ್ ಬ್ಲೂನಲ್ಲಿ ಅದ್ದಿ. ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಳೆಯ ಚಿಪ್ಪುಗಳು ನೀಲಿಯಾಗುತ್ತವೆ. ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನದರ ಕಲಬೆರಕೆ, ಎಣಿಕೆಗೆ ಸೇರಿಸಬೇಡಿ.

## ಹಂತ 4: ಚಿಪ್ಪು ಎಷ್ಟು ಕರಗಿದೆ ಎಂದು ಮೊದಲು ನೋಡುವುದು

ಹೆಚ್ಚಿನವರು ಹಾರಿಹೋಗುವ ಹಂತ ಇದೇ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಕರಗುವಿಕೆ ಎಲ್ಲ ಪ್ರಭೇದಗಳನ್ನು ಒಂದೇ ರೀತಿ ತಟ್ಟುವುದಿಲ್ಲ. ಬೆಚ್ಚಗಿನ ಮೇಲ್ಪದರದ ಗ್ಲೊಬಿಜೆರಿನಾಯ್ಡಿಸ್ ರೂಬರ್ ಬೇಗ ಹೋಗುತ್ತದೆ. ಪುಲೆನಿಯಾಟಿನಾ ಒಬ್ಲಿಕ್ವಿಲಾಕ್ಯುಲೇಟಾ, ಗ್ಲೊಬೊರೊಟಾಲಿಯಾ ಮೆನಾರ್ಡಿಐ, ನಿಯೊಗ್ಲೊಬೊಕ್ವಾಡ್ರೈನಾ ಡುಟರ್ಟ್ರೈ ದಪ್ಪಗೋಡೆಯವು, ಕೊನೆಯವರೆಗೂ ಉಳಿಯುತ್ತವೆ. ರೂಬರ್ ಶೇಕಡಾವಾರು ಕುಸಿದರೆ ನೀರು ತಣ್ಣಗಾಗಿರಬಹುದು, ಅಥವಾ ರೂಬರ್‌ಗಳು ತಳದಲ್ಲಿ ಕರಗಿಹೋಗಿರಬಹುದು. ಎಣಿಕೆಯ ಹಾಳೆ ನೋಡಿ ಎರಡನ್ನೂ ಬೇರೆ ಮಾಡಲಾಗದು.

ಇದಕ್ಕಿಂತ ಕೆಟ್ಟ ಸಂಗತಿ ಎಂದರೆ ಕರಗುವಿಕೆಯೂ ಹಿಮಯುಗಗಳ ತಾಳಕ್ಕೆ ಸರಿಯಾಗಿ ಏರಿಳಿಯುತ್ತದೆ. ಆಳ ಪೆಸಿಫಿಕ್‌ನಲ್ಲಿ ಹಿಮಯುಗದ ಕೆಸರಿನಲ್ಲಿ ಸುಣ್ಣ ಚೆನ್ನಾಗಿ ಉಳಿದಿದೆ, ಬೆಚ್ಚಗಿನ ಯುಗದಲ್ಲಿ ಹೆಚ್ಚು ಕರಗಿದೆ. ಆಳ ಅಟ್ಲಾಂಟಿಕ್‌ನಲ್ಲಿ ತದ್ವಿರುದ್ಧ. ಹಾಗಾಗಿ ನಿಮ್ಮ ಕೋರ್‌ನಲ್ಲಿ ಸೊಗಸಾದ ಹಿಮಯುಗದ ಏರಿಳಿತ ಕಂಡಿತು ಎಂಬುದೊಂದೇ ಅದು ತಾಪಮಾನದ್ದು ಎಂಬುದಕ್ಕೆ ಪುರಾವೆಯಲ್ಲ.

ಮಾಡುವ ಕ್ರಮ: 150 ಮೈಕ್ರಾನ್‌ಗಿಂತ ದಪ್ಪ ಭಾಗದಲ್ಲಿ ಪೂರ್ಣ ಚಿಪ್ಪುಗಳನ್ನೂ ಚೂರುಗಳನ್ನೂ ಎಣಿಸಿ. ಒಂದು ಚಿಪ್ಪು ಒಡೆದರೆ ಹಲವು ಚೂರಾಗುತ್ತದೆ, ಆದ್ದರಿಂದ ಚೂರುಗಳ ಸಂಖ್ಯೆಯನ್ನು 8ರಿಂದ ಭಾಗಿಸಿ ಬಳಸುವುದು ರೂಢಿ. ಉದಾಹರಣೆಗೆ 240 ಚೂರು, 300 ಪೂರ್ಣ ಚಿಪ್ಪು ಸಿಕ್ಕರೆ 240 ÷ 8 = 30; ಒಡೆದ ಪಾಲು 30 ÷ 330, ಅಂದರೆ ಶೇ 9. ಇದನ್ನು ಕೋರ್‌ನ ಉದ್ದಕ್ಕೂ ಮಾಡಿ ನಕ್ಷೆ ಹಾಕಿ. ಒಂದೇ ಅಂಕಿ ದಾಟಿದರೆ ಮಾದರಿ ಕೆಟ್ಟಿದೆ ಎನ್ನುವ ಗೆರೆಗಿಂತ ಈ ನಕ್ಷೆಯ ಆಕಾರ ಮುಖ್ಯ. ಒಡೆದ ಪಾಲಿನ ಏರಿಕೆಯೂ ರೂಬರ್‌ನ ಇಳಿತವೂ ಒಟ್ಟೊಟ್ಟಿಗೆ ನಡೆದರೆ ಆ ಭಾಗದ ತಾಪಮಾನ ಲೆಕ್ಕ ಹಾಕಬೇಡಿ.

ಕಣ್ಣಿಗೂ ಗೊತ್ತಾಗುತ್ತದೆ. ಕೆಡದ ರೂಬರ್ ಚಿಪ್ಪಿನ ಗೋಡೆ ಅರೆಪಾರದರ್ಶಕ, ರಂಧ್ರಗಳ ಅಂಚು ಚೂಪು, ಕುಂಚದ ತುದಿ ತಾಗಿದರೆ ಹಗುರವಾಗಿ ಉರುಳುತ್ತದೆ. ಕರಗತೊಡಗಿದ್ದು ಸುಣ್ಣ ಬಳಿದಂತೆ ಮಂಕು ಬಿಳುಪು. ಕೊನೆಯ ಕೋಣೆ ಉದುರಿರುತ್ತದೆ, ರಂಧ್ರಗಳು ಅಗಲವಾಗಿ ಒಂದಕ್ಕೊಂದು ಸೇರಿಕೊಂಡಿರುತ್ತವೆ, ಒದ್ದೆ ಕುಂಚ ತಾಗಿದ ಮಾತ್ರಕ್ಕೆ ಎರಡಾಗುತ್ತದೆ.

## ಹಂತ 5: ವಯಸ್ಸು ನಿರ್ಧರಿಸುವುದು

ಎಣಿಕೆಗೆ ಕೂರುವ ಮೊದಲೇ ವಯಸ್ಸು ಗೊತ್ತಿದ್ದರೆ ಬೇಡದ ಮಾದರಿಗಳ ಮೇಲೆ ವಾರಗಳನ್ನು ಸುರಿಯುವುದು ತಪ್ಪುತ್ತದೆ.

ಕಳೆದ 50,000 ವರ್ಷಗಳ ಒಳಗೆ ರೇಡಿಯೊಕಾರ್ಬನ್ ಕೆಲಸಕ್ಕೆ ಬರುತ್ತದೆ. ಒಂದೇ ಪ್ರಭೇದದ ಶುದ್ಧ ಚಿಪ್ಪುಗಳನ್ನು ಆರಿಸಿ. ಒಂದು ಚಿಪ್ಪು 10 ಮೈಕ್ರೊಗ್ರಾಂ ತೂಗಿದರೆ 5 ಮಿಲಿಗ್ರಾಂಗೆ 500 ಚಿಪ್ಪು ಬೇಕು. ಈ ಲೆಕ್ಕ ಮೊದಲೇ ಹಾಕಿಕೊಂಡು ಮಾದರಿಯ ಗಾತ್ರ ನಿರ್ಧರಿಸಿ. ಆ ಪ್ರಭೇದ ಅತಿ ಹೆಚ್ಚಾಗಿರುವ ಪದರದಿಂದಲೇ ಆರಿಸುವುದು ಮುಖ್ಯ. ವಿರಳವಾಗಿರುವ ಪದರದಲ್ಲಿ ಸಿಗುವ ಚಿಪ್ಪುಗಳಲ್ಲಿ ಬಹುಪಾಲು ಹುಳುಗಳು ಮೇಲಿನಿಂದಲೋ ಕೆಳಗಿನಿಂದಲೋ ತಂದು ಹಾಕಿದವಾಗಿರಬಹುದು.

ಕಲಬೆರಕೆಯ ಪರಿಣಾಮ ವಯಸ್ಸಿನೊಂದಿಗೆ ಹೇಗೆ ಬೆಳೆಯುತ್ತದೆ ನೋಡಿ. ಶೇ 1ರಷ್ಟು ಇವತ್ತಿನ ಇಂಗಾಲ ಸೇರಿದರೆ 20,000 ವರ್ಷದ ಮಾದರಿ ಸುಮಾರು 19,150 ಎಂದು ತೋರುತ್ತದೆ. ಅಷ್ಟೇ ಕಲಬೆರಕೆಗೆ 40,000 ವರ್ಷದ ಮಾದರಿ 33,000ದ ಹತ್ತಿರಕ್ಕೆ ಕುಸಿಯುತ್ತದೆ. ಆದ್ದರಿಂದ 35,000 ದಾಟಿದ ವಯಸ್ಸುಗಳ ಮೇಲೆ ಭಾರ ಹಾಕಬೇಡಿ.

ಬಂದ ವಯಸ್ಸನ್ನು ನೇರವಾಗಿ ಬಳಸುವಂತಿಲ್ಲ. ಕಡಲನೀರಿನ ಇಂಗಾಲ ಗಾಳಿಯದಕ್ಕಿಂತ ಹಳೆಯದು. ಬಹುತೇಕ ಉಷ್ಣವಲಯದ ಮೇಲ್ಪದರದಲ್ಲಿ ಈ ಅಂತರ ಕೆಲವು ನೂರು ವರ್ಷ, ಧ್ರುವಗಳ ಕಡೆ, ಅದರಲ್ಲೂ ಹಿಮಯುಗದಲ್ಲಿ, ಸಾವಿರ ದಾಟಬಹುದು. ರೇಡಿಯೊಕಾರ್ಬನ್ ವಯಸ್ಸನ್ನು ಕ್ಯಾಲೆಂಡರ್ ವಯಸ್ಸಿಗೆ ತರುವ, ಮರೀನ್20 ಎಂಬ ಕಡಲ ಕ್ಯಾಲಿಬ್ರೇಷನ್ ರೇಖೆ ಬಳಸಿ, ಜೊತೆಗೆ ನಿಮ್ಮ ಪ್ರದೇಶದ ತಿದ್ದುಪಡಿ ಸೇರಿಸಿ. ಇಲ್ಲಿ ಆಗುವ ದೊಡ್ಡ ಗೊಂದಲ ಎಂದರೆ ರೇಡಿಯೊಕಾರ್ಬನ್ ವರ್ಷಗಳನ್ನೂ ಕ್ಯಾಲೆಂಡರ್ ವರ್ಷಗಳನ್ನೂ ಬೆರೆಸುವುದು. ಹಿಮಯುಗದ ಕಡಲ ತಾಪಮಾನದ ನಕ್ಷೆ ಮಾಡಿದ ಕ್ಲೈಮ್ಯಾಪ್ ಯೋಜನೆಯ ಹಳೆಯ ನಕ್ಷೆಗಳಲ್ಲಿರುವ 18,000 ವರ್ಷ ರೇಡಿಯೊಕಾರ್ಬನ್ ಲೆಕ್ಕದ್ದು. ಕ್ಯಾಲೆಂಡರ್ ಲೆಕ್ಕದಲ್ಲಿ ಅದು 21,000ದ ಆಸುಪಾಸು.

ಅದಕ್ಕೂ ಹಳೆಯ ಹಿಮಯುಗಗಳಿಗೆ ತಳದಲ್ಲಿ ಬದುಕುವ ಫೊರಾಮಿನಿಫೆರಾಗಳ ಆಮ್ಲಜನಕ ಐಸೊಟೋಪ್ (ಭಾರ ಮತ್ತು ಹಗುರ ಆಮ್ಲಜನಕದ ಅನುಪಾತ) ಅಳೆದು, 57 ದಾಖಲೆಗಳನ್ನು ಸೇರಿಸಿ 2005ರಲ್ಲಿ ಪ್ರಕಟವಾದ ಎಲ್ಆರ್04 ರೇಖೆಯೊಂದಿಗೆ ಹೊಂದಿಸಿ. ಆ ರೇಖೆಯ ಕಾಲಘಟ್ಟಗಳಿಗೆ ಸಂಖ್ಯೆ ಇದೆ: ಸಮ ಸಂಖ್ಯೆಯವು ಹಿಮಯುಗದವು, ಬೆಸ ಸಂಖ್ಯೆಯವು ಬೆಚ್ಚಗಿನವು; 3ನೆಯದು ಮಾತ್ರ ಪೂರ್ತಿ ಬೆಚ್ಚಗಿನದಲ್ಲ. ತಳದ ಫೊರಾಮಿನಿಫೆರಾಗಳಲ್ಲಿ ಸಿಬಿಸಿಡಾಯ್ಡಿಸ್ ವುಲರ್‌ಸ್ಟಾರ್ಫಿ ಅಳೆದಿದ್ದರೆ, ಇನ್ನೊಂದಾದ ಯುವಿಜೆರಿನಾದ ಮಾಪಕಕ್ಕೆ ತರಲು ಸಾವಿರಕ್ಕೆ 0.64 ಕೂಡಿಸಬೇಕು. ಒಂದೇ ಕೋರ್‌ನಲ್ಲಿ ಎರಡನ್ನೂ ಬಳಸಿ ಇದನ್ನು ಮರೆತರೆ ಇಲ್ಲದ ಹಿಮಯುಗವೊಂದು ಹುಟ್ಟಿಕೊಳ್ಳುತ್ತದೆ.

ಪ್ರಭೇದಗಳೇ ಕೊಡುವ ಸಾಕ್ಷಿಯನ್ನೂ ಬಳಸಿ. ಗುಲಾಬಿ ಬಣ್ಣದ ರೂಬರ್ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಿಂದ ಸುಮಾರು 1,20,000 ವರ್ಷಗಳ ಹಿಂದೆ ಮರೆಯಾಯಿತು. ಅಲ್ಲಿನ 20,000 ವರ್ಷದ್ದೆಂದು ಹೇಳುವ ಪದರದಲ್ಲಿ ಗುಲಾಬಿ ಚಿಪ್ಪುಗಳು ಕಂಡರೆ ವಯಸ್ಸು ತಪ್ಪಿದೆ, ಇಲ್ಲವೇ ಹಳೆಯ ಕೆಸರು ಬೆರೆತಿದೆ.

## ಹಂತ 6: ಎಣಿಕೆ

150 ಮೈಕ್ರಾನ್ ಜರಡಿಯಲ್ಲಿ ಒಣದಾಗಿ ಜರಡಿ ಹಿಡಿದು ಮೇಲುಳಿದದ್ದನ್ನು ಸ್ಪ್ಲಿಟರ್‌ನಲ್ಲಿ ಅರ್ಧ, ಅದರರ್ಧ ಮಾಡುತ್ತ ಹೋಗಿ. 10,000 ಚಿಪ್ಪುಗಳಿದ್ದರೆ ಐದು ಸಲ ಅರ್ಧ ಮಾಡಿದಾಗ ಸುಮಾರು 312 ಉಳಿಯುತ್ತದೆ. ಉಳಿದ ಆ ಪಾಲನ್ನು ಪೂರ್ತಿ ಎಣಿಸಿ. ಮುನ್ನೂರು ಮುಟ್ಟಿತೆಂದು ತಟ್ಟೆಯ ಮಧ್ಯದಲ್ಲಿ ನಿಲ್ಲಿಸಬೇಡಿ. ದಪ್ಪ ಚಿಪ್ಪುಗಳು ತಟ್ಟೆಯ ಅಂಚಿಗೆ ಉರುಳಿರುತ್ತವೆ.

ಮುನ್ನೂರೇ ಏಕೆ? ಶೇ 1ರಷ್ಟಿರುವ ಒಂದು ಪ್ರಭೇದ 300ರ ಎಣಿಕೆಯಲ್ಲಿ ಒಂದೂ ಸಿಗದೇ ಹೋಗುವ ಸಾಧ್ಯತೆ ಶೇ 5. ನೂರಕ್ಕೇ ನಿಲ್ಲಿಸಿದರೆ ಆ ಸಾಧ್ಯತೆ ಶೇ 37. ಶೇ 10ರಷ್ಟಿರುವ ಪ್ರಭೇದಕ್ಕೂ 300ರ ಎಣಿಕೆಯಲ್ಲಿ ಆಚೀಚೆ ಸುಮಾರು ಮೂರೂವರೆ ಶೇಕಡಾ ಅನಿಶ್ಚಿತತೆ ಇದ್ದೇ ಇರುತ್ತದೆ. ಎರಡು ಮಾದರಿಗಳ ನಡುವಿನ ಅದಕ್ಕಿಂತ ಸಣ್ಣ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ.

ಗುರುತಿಸುವಲ್ಲಿ ಮೂರು ಜಾಗಗಳಲ್ಲಿ ಹೆಚ್ಚಿನ ತಪ್ಪು ಆಗುತ್ತದೆ.

ಸುರುಳಿಯ ದಿಕ್ಕು. ನಿಯೊಗ್ಲೊಬೊಕ್ವಾಡ್ರೈನಾ ಪ್ಯಾಕಿಡರ್ಮಾ ಬಹುಪಾಲು ಎಡಸುರುಳಿ, ಧ್ರುವದ ತಣ್ಣೀರಿನದು. ನಿಯೊಗ್ಲೊಬೊಕ್ವಾಡ್ರೈನಾ ಇನ್ಕಾಂಪ್ಟಾ ಬಹುಪಾಲು ಬಲಸುರುಳಿ, ಅದಕ್ಕಿಂತ ಬೆಚ್ಚಗಿನ ನೀರಿನದು. ಚಿಪ್ಪಿನ ಎಲ್ಲ ಸುತ್ತುಗಳೂ ಕಾಣುವ ಮುಖವನ್ನು ಮೇಲೆ ಮಾಡಿ ಇಡಿ. ಕೋಣೆಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ದೊಡ್ಡದಾಗುತ್ತ ಹೋದರೆ ಬಲಸುರುಳಿ. ಬಾಯಿ ಇರುವ ಮುಖದಿಂದ ನೋಡಿದರೆ ಎಲ್ಲವೂ ತಿರುಗಾಮುರುಗಾ. ಒಂದು ಚಿಪ್ಪನ್ನು ಆ ಮುಖದಿಂದ, ಇನ್ನೊಂದನ್ನು ಈ ಮುಖದಿಂದ ನೋಡಿ ಬರೆದ ಹಾಳೆಗೆ ಬೆಲೆಯಿಲ್ಲ.

ರೂಬರ್ ಮತ್ತು ಸ್ಯಾಕ್ಯುಲಿಫರ್. ಚೀಲದಂಥ ಕೊನೆಯ ಕೋಣೆ ಇಲ್ಲದ ಟ್ರೈಲೊಬಾಟಸ್ ಸ್ಯಾಕ್ಯುಲಿಫರ್ ಥಟ್ಟನೆ ರೂಬರ್ ಎನಿಸುತ್ತದೆ. ರೂಬರ್‌ನ ಬಾಯಿ ಹಿಂದಿನ ಎರಡು ಕೋಣೆಗಳ ಸಂದಿನ ಮೇಲೆ ಸರಿಯಾಗಿ ನಡುವೆ ಕೂತಿರುತ್ತದೆ. ಸ್ಯಾಕ್ಯುಲಿಫರ್ ಗೋಡೆ ಜೇನುಗೂಡಿನಂತೆ.

ಸಣ್ಣವು. ಟರ್ಬೊರೊಟಾಲಿಟಾ ಕ್ವಿಂಕ್ವೆಲೋಬಾದಂಥ ಸಣ್ಣ ಪ್ರಭೇದಗಳು 150 ಮೈಕ್ರಾನ್ ಜರಡಿಯಲ್ಲಿ ಬಹುಪಾಲು ಇಳಿದುಹೋಗುತ್ತವೆ. ಹೋಲಿಕೆಗೆ ಬಳಸುವ ಇಂದಿನ ದತ್ತಾಂಶವೂ 150 ಮೈಕ್ರಾನ್‌ನದೇ ಆಗಿದ್ದರೆ ಚಿಂತೆಯಿಲ್ಲ, 125ರದ್ದಾಗಿದ್ದರೆ ಬೆರೆಸಬೇಡಿ.

ಉತ್ತರ ಅಟ್ಲಾಂಟಿಕ್‌ನ ಕೋರ್ ಆಗಿದ್ದರೆ ಅದೇ ತಟ್ಟೆಯಲ್ಲಿ ಕಲ್ಲಿನ ಕಣಗಳನ್ನೂ ಎಣಿಸಿಕೊಳ್ಳಿ. ತೇಲುವ ಹಿಮಬಂಡೆಗಳು ಹೊತ್ತು ತಂದು ಉದುರಿಸಿದ ಕಣಗಳು ಅವು.

## ಹಂತ 7: ಎಣಿಕೆಯಿಂದ ತಾಪಮಾನಕ್ಕೆ

ತತ್ವ ಸರಳ. ಇಂದಿನ ಕಡಲತಳದ ಮೇಲ್ಪದರದಿಂದ ತೆಗೆದ ಸಾವಿರಾರು ಮಾದರಿಗಳ ಪ್ರಭೇದ ಪಟ್ಟಿಯೂ ಅವುಗಳ ಮೇಲಿನ ನೀರಿನ ತಾಪಮಾನವೂ ಗೊತ್ತಿದೆ. 2017ರಲ್ಲಿ ಪ್ರಕಟವಾದ ಫೋರ್‌ಸೆನ್ಸ್ ಎಂಬ ಸಂಗ್ರಹದಲ್ಲಿ ಇಂಥ 4,000ಕ್ಕೂ ಹೆಚ್ಚು ಮಾದರಿಗಳಿವೆ. ನಿಮ್ಮ ಹಳೆಯ ಮಾದರಿಯನ್ನು ಇವುಗಳೊಂದಿಗೆ ಹೋಲಿಸಿ, ಪ್ರಭೇದ ಮಿಶ್ರಣದಲ್ಲಿ ಅತಿ ಹತ್ತಿರದ 5ರಿಂದ 10 ಮಾದರಿಗಳ (ಇವೇ ಸಾದೃಶ್ಯಗಳು) ತಾಪಮಾನದ ಸರಾಸರಿ ತೆಗೆಯುವುದು ಆಧುನಿಕ ಸಾದೃಶ್ಯ ವಿಧಾನ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅನಲಾಗ್ ಮತ್ತು ರಿಯೋಜಾ ಪ್ಯಾಕೇಜುಗಳು ಇದನ್ನು ಮಾಡುತ್ತವೆ.

1. ಮೊದಲು ಹೆಸರುಗಳನ್ನು ಹೊಂದಿಸಿ. ಸಂಗ್ರಹದಲ್ಲಿ ಎರಡಾಗಿರುವ ಪ್ರಭೇದವನ್ನು ನೀವು ಒಂದಾಗಿ ಎಣಿಸಿದ್ದರೆ ಸಂಗ್ರಹದಲ್ಲೂ ಕೂಡಿಸಿ.
2. ಯಾವ ತಾಪಮಾನ ಎಂದು ಗೊತ್ತುಮಾಡಿಕೊಳ್ಳಿ. 10 ಮೀಟರ್ ಆಳದ್ದು ರೂಢಿಯಲ್ಲಿದೆ. ವಾರ್ಷಿಕ ಸರಾಸರಿಯೇ, ಜುಲೈ–ಸೆಪ್ಟೆಂಬರ್‌ದೇ, ಜನವರಿ–ಮಾರ್ಚ್‌ದೇ?
3. ಪ್ರತಿ ಮಾದರಿಗೂ ಹತ್ತಿರದ ಸಾದೃಶ್ಯ ಎಷ್ಟು ದೂರದಲ್ಲಿದೆ ಎಂಬ ಅಂಕಿಯನ್ನು ತಾಪಮಾನದ ಪಕ್ಕದಲ್ಲೇ ಬರೆಯಿರಿ.
4. ಆರಿಸಿದ ಸಾದೃಶ್ಯಗಳ ತಾಪಮಾನಗಳು ಒಂದಕ್ಕೊಂದು ಎಷ್ಟು ಚದುರಿವೆ ಎಂದೂ ಬರೆಯಿರಿ.

ಮೂರನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ಪೊಳ್ಳು. ಹಿಮಯುಗದ ಕಡಲಲ್ಲಿ ಇಂದು ಎಲ್ಲೂ ಇಲ್ಲದ ಪ್ರಭೇದ ಮಿಶ್ರಣಗಳಿದ್ದವು. ಅಂಥ ಮಾದರಿಗೂ ಕಂಪ್ಯೂಟರ್ ಹತ್ತಿರದ್ದನ್ನು ಹುಡುಕಿ ಕೊಡುತ್ತದೆ. ಆ "ಹತ್ತಿರ" ಎಷ್ಟೇ ದೂರವಿದ್ದರೂ ಹೇಳುವುದಿಲ್ಲ. ಸಂಗ್ರಹದ ಎಲ್ಲ ಜೋಡಿ ಮಾದರಿಗಳ ನಡುವಿನ ದೂರಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಮೊದಲ ಶೇ 5ರ ಗಡಿ ದಾಟಿದ ಮಾದರಿಗಳನ್ನು "ಸಾದೃಶ್ಯವಿಲ್ಲ" ಎಂದು ಗುರುತು ಹಾಕಿ.

ದೋಷದ ಅಂದಾಜಿನಲ್ಲೂ ಒಂದು ಬಲೆ ಇದೆ. ಪರೀಕ್ಷೆಗಾಗಿ ಒಂದು ಮಾದರಿ ತೆಗೆದಿಟ್ಟರೂ ಅದರ ಪಕ್ಕದ, ಕೆಲವೇ ಕಿ.ಮೀ. ದೂರದ ಮಾದರಿ ಸಂಗ್ರಹದಲ್ಲಿ ಉಳಿದಿರುತ್ತದೆ. ಎರಡರ ಮೇಲೂ ಒಂದೇ ನೀರು. ಹಾಗಾಗಿ ದೋಷ 1 ಡಿಗ್ರಿಗಿಂತ ಕಡಿಮೆ ಎಂದು ಬಂದರೆ ಸಂಭ್ರಮಿಸಬೇಡಿ. ಒಂದು ನಿರ್ದಿಷ್ಟ ದೂರದೊಳಗಿನ ಎಲ್ಲ ಮಾದರಿಗಳನ್ನೂ ಹೊರಗಿಟ್ಟು ಮತ್ತೆ ಪರೀಕ್ಷಿಸಿ. ಪೇಲಿಯೊಸಿಗ್ ಪ್ಯಾಕೇಜಿನಿಂದ, ನಿಮ್ಮ ಪುನರ್‌ರಚನೆ ಯಾದೃಚ್ಛಿಕ ಅಂಕಿಗಳಿಂದ ಬರುವುದಕ್ಕಿಂತ ಮೇಲೇ ಎಂದೂ ನೋಡಬಹುದು.

ತಣ್ಣನೆಯ ತುದಿಯಲ್ಲಿ ಈ ವಿಧಾನ ಕುರುಡಾಗುತ್ತದೆ. ಧ್ರುವದ ತಣ್ಣೀರಿನಲ್ಲಿ ಬಹುಪಾಲು ಎಡಸುರುಳಿಯ ಪ್ಯಾಕಿಡರ್ಮಾ ಒಂದೇ ಇರುತ್ತದೆ. ಶೇ 95 ಮತ್ತು ಶೇ 98ರ ನಡುವೆ ತಾಪಮಾನ ಓದಲಾಗದು. ದಕ್ಷಿಣ ಮಹಾಸಾಗರದಲ್ಲಿ ಅಂಥ ಕಡೆ ಡಯಾಟಮ್‌ಗಳಿಗೆ ಹೋಗಿ. ಫ್ರ್ಯಾಜಿಲೇರಿಯಾಪ್ಸಿಸ್ ಕರ್ಟಾ ಮತ್ತು ಸಿಲಿಂಡ್ರಸ್ ಎರಡೂ ಸೇರಿ ಶೇ 3 ದಾಟಿದರೆ ಅಲ್ಲಿ ಚಳಿಗಾಲದ ಕಡಲ ಹಿಮ ಇತ್ತು ಎಂದು ಓದುವುದು ರೂಢಿ.

## ಹಂತ 8: ಚಿಪ್ಪಿನ ರಸಾಯನದಿಂದ ತಾಳೆ ನೋಡುವುದು

ಬೆಚ್ಚಗಿನ ನೀರಿನಲ್ಲಿ ಬೆಳೆದ ಚಿಪ್ಪಿನಲ್ಲಿ ಮೆಗ್ನೀಷಿಯಂ ಹೆಚ್ಚು, ಡಿಗ್ರಿಗೆ ಸುಮಾರು ಶೇ 9ರಂತೆ. 250ರಿಂದ 355 ಮೈಕ್ರಾನ್‌ನ 30–40 ರೂಬರ್ ಚಿಪ್ಪು ಆರಿಸಿ, ಎರಡು ಗಾಜಿನ ತುಂಡುಗಳ ನಡುವೆ ಕೋಣೆಗಳು ತೆರೆದುಕೊಳ್ಳುವಷ್ಟು ಮಾತ್ರ ಒತ್ತಿ. ಆ ಒಡೆದ ರಾಶಿಯಲ್ಲೇ ಒಂದು ಪಾಲನ್ನು ಆಮ್ಲಜನಕ ಐಸೊಟೋಪಿಗೆ ಇಟ್ಟುಕೊಳ್ಳಿ.

ಶುದ್ಧೀಕರಣದ ಸರದಿ: ನೀರಿನಲ್ಲಿ ಹಲವು ಸಲ, ಮೆಥನಾಲಿನಲ್ಲಿ ಎರಡು ಸಲ ಅಲ್ಟ್ರಾಸೋನಿಕ್, ಬಿಸಿನೀರಿನ ತೊಟ್ಟಿಯಲ್ಲಿ ಕ್ಷಾರಯುಕ್ತ ಪೆರಾಕ್ಸೈಡ್, ಕೊನೆಗೆ 0.001 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ ಅರ್ಧ ನಿಮಿಷ. ಜೇಡಿ ಉಳಿದರೆ ಅದರ ಮೆಗ್ನೀಷಿಯಂ ಸೇರಿ ಕಡಲು ಬಿಸಿಯಾಗಿ ಕಾಣುತ್ತದೆ. ಪ್ರತಿ ಮಾದರಿಯಲ್ಲೂ ಅಲ್ಯೂಮಿನಿಯಂ, ಮ್ಯಾಂಗನೀಸ್, ಕಬ್ಬಿಣ ಅಳೆಯಿರಿ. ಇವುಗಳೊಂದಿಗೆ ಮೆಗ್ನೀಷಿಯಂ ಏರಿದರೆ ಅದು ಕೊಳೆ. ಅಪಕರ್ಷಣದ ಹೆಚ್ಚುವರಿ ಹಂತ ಸೇರಿಸುವ ಪ್ರಯೋಗಾಲಯಗಳ ಫಲಿತಾಂಶ ಸುಮಾರು ಶೇ 10 ಕಡಿಮೆ ಬರುತ್ತದೆ. ಅದನ್ನು ನಿಮ್ಮದರೊಂದಿಗೆ ನೇರ ಹೋಲಿಸಬೇಡಿ.

ಲೆಕ್ಕ ಒಂದನ್ನು ಪೂರ್ತಿ ಮಾಡೋಣ. ಸೂತ್ರ: ತಾಪಮಾನ = (ಅನುಪಾತ ÷ 0.38)ರ ಸ್ವಾಭಾವಿಕ ಲಾಗ್ ÷ 0.09. ಅನುಪಾತ ಎಂದರೆ ಚಿಪ್ಪಿನ ಮೆಗ್ನೀಷಿಯಂ–ಕ್ಯಾಲ್ಸಿಯಂ ಅನುಪಾತ, ಮೋಲ್‌ಗೆ ಮಿಲಿಮೋಲ್‌ನಲ್ಲಿ. ಕೋರ್‌ನ ಮೇಲ್ತುದಿಯಲ್ಲಿ 4.5 ಬಂದರೆ 27.5 ಡಿಗ್ರಿ, ಹಿಮಯುಗದ ಪದರದಲ್ಲಿ 3.5 ಬಂದರೆ 24.7. ವ್ಯತ್ಯಾಸ 2.8 ಡಿಗ್ರಿ.

ಈಗ ಆಮ್ಲಜನಕ: ಭಾರ ಆಮ್ಲಜನಕದ ಅನುಪಾತ ಒಂದು ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ (ಮೈನಸ್) ಎಂಬ ಅಂಕಿ. ಮೇಲ್ತುದಿಯ ಚಿಪ್ಪಿನಲ್ಲಿ ಮೈನಸ್ 2.2, ಹಿಮಯುಗದ್ದರಲ್ಲಿ ಮೈನಸ್ 0.6 ಸಿಕ್ಕಿದೆ ಎನ್ನಿ. ವ್ಯತ್ಯಾಸ ಸಾವಿರಕ್ಕೆ 1.6. ಸಾವಿರಕ್ಕೆ 1 ಎಂದರೆ 4.8 ಡಿಗ್ರಿ ಎಂಬ ದರದಲ್ಲಿ ಇದಿಷ್ಟನ್ನೂ ತಾಪಮಾನ ಎಂದು ಓದಿದರೆ 7.7 ಡಿಗ್ರಿ ತಂಪು ಎಂದಾಗುತ್ತದೆ. ಇದು ತಪ್ಪು. ಹಿಮಯುಗದಲ್ಲಿ ಕಡಲಮಟ್ಟ 120 ಮೀಟರ್‌ಗೂ ಹೆಚ್ಚು ಕೆಳಗಿತ್ತು. ಹಗುರ ಆಮ್ಲಜನಕ ನೆಲದ ಮೇಲಿನ ಹಿಮದಲ್ಲಿ ಸೇರಿಕೊಂಡು ಇಡೀ ಕಡಲು ಸಾವಿರಕ್ಕೆ ಸುಮಾರು 1.0ರಷ್ಟು ಭಾರವಾಗಿತ್ತು. ಅದನ್ನು ಕಳೆದರೆ ಉಳಿಯುವುದು 0.6, ಅಂದರೆ 2.9 ಡಿಗ್ರಿ. ಮೆಗ್ನೀಷಿಯಂ ಹೇಳಿದ 2.8ಕ್ಕೆ ಇದು ಹೊಂದುತ್ತದೆ, ಸ್ಥಳೀಯ ಲವಣಾಂಶ ಹೆಚ್ಚೇನೂ ಬದಲಾಗಿರಲಿಲ್ಲ ಎಂದೂ ತಿಳಿಯುತ್ತದೆ. ಹೊಂದದಿದ್ದರೆ ಆ ಅಂತರವೇ ಲವಣಾಂಶದ ಸುಳಿವು.

ನೀರಿನ ಮೌಲ್ಯವನ್ನು ಚಿಪ್ಪಿನ ಮಾಪಕದಿಂದ ಕಡಲನೀರಿನ ಮಾಪಕಕ್ಕೆ ತರುವಾಗ 0.27 ಕೂಡಿಸುವುದು ಬಿಟ್ಟುಹೋಗುತ್ತದೆ. ಅದೊಂದೇ 1.3 ಡಿಗ್ರಿಯಷ್ಟು ತಪ್ಪು.

## ಹಂತ 9: ಎರಡು ಉತ್ತರಗಳು ಜಗಳವಾಡಿದಾಗ

ಸರಾಸರಿ ತೆಗೆದು ರಾಜಿ ಮಾಡಿಸಬೇಡಿ. ಪ್ರತಿ ವಿಧಾನದ ಓರೆ ಬೇರೆ, ಅದನ್ನು ಹುಡುಕಿ.

ಎಣಿಕೆ ಮತ್ತು ಮೆಗ್ನೀಷಿಯಂ ಎರಡೂ ಒಂದೇ ಪದರದಲ್ಲಿ ಅತಿಯಾಗಿ ತಂಪು ತೋರಿಸಿದರೆ ಮೊದಲು ಹಂತ 4ರ ನಕ್ಷೆಗೆ ಮರಳಿ: ಕರಗುವಿಕೆ ಎರಡನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ, ಆದ್ದರಿಂದ ಅವು ಒಪ್ಪಿದ್ದೇ ಅನುಮಾನಕ್ಕೆ ಕಾರಣ. ಮೆಗ್ನೀಷಿಯಂ ಮಾತ್ರ ಬೆಚ್ಚಗೆ ತೋರಿಸಿದರೆ ಜೇಡಿ ಅಥವಾ ಹೆಚ್ಚಿದ ಲವಣಾಂಶ. ಆಲ್ಕಿನೋನ್ ಮಾತ್ರ ಬೇರೆ ಹೇಳಿದರೆ, ಅವನ್ನು ಮಾಡುವ ಕಾಕೊಲಿಥೊಫೋರ್‌ಗಳು ಬೇರೆ ತಿಂಗಳಲ್ಲಿ ಹೆಚ್ಚಿರಬಹುದು, ಅಥವಾ ನುಣುಪು ಕೆಸರು ಪ್ರವಾಹದೊಂದಿಗೆ ದೂರದಿಂದ ಬಂದಿರಬಹುದು. ಜೊತೆಗೆ ಆಲ್ಕಿನೋನ್ ಸೂಚ್ಯಂಕ 28 ಡಿಗ್ರಿ ದಾಟಿದ ಮೇಲೆ ಚಪ್ಪಟೆಯಾಗುತ್ತದೆ. ಗ್ಲೊಬಿಜೆರಿನಾ ಬುಲಾಯ್ಡಿಸ್ ಅಳೆದಿದ್ದರೆ ಅದು ಬಹುಪಾಲು ಕೆಳಗಿನ ತಣ್ಣೀರು ಮೇಲೇಳುವ ಋತುವಿನ ತಾಪಮಾನ, ವರ್ಷದ್ದಲ್ಲ.

"ಇಂದಿಗಿಂತ ಇಷ್ಟು ತಂಪು" ಎಂದು ಬರೆಯುವಾಗ ಇಂದಿನದು ಯಾವುದು ಎಂದು ಹೇಳಿ. ಹವಾಮಾನ ಅಟ್ಲಾಸಿನ ಅಳತೆಗಿಂತ, ಅದೇ ಕೋರ್‌ನ (ಹಂತ 1ರಂತೆ ತಾಳೆ ನೋಡಿದ) ಮೇಲ್ತುದಿಯಿಂದ ಅದೇ ವಿಧಾನದಲ್ಲಿ ಬಂದ ಅಂಕಿಯನ್ನು ಕಳೆಯುವುದು ಮೇಲು. ವಿಧಾನದ ಓರೆ ಎರಡೂ ಕಡೆ ಇದ್ದು ಬಹುಪಾಲು ಹೋಗಿಬಿಡುತ್ತದೆ. ಅಟ್ಲಾಸಿಗೂ ಮೇಲ್ತುದಿಗೂ ಎಷ್ಟು ಅಂತರವಿದೆ ಎಂಬುದನ್ನೂ ತೋರಿಸಿ.

ಪ್ರಕಟಿಸುವಾಗ ಶೇಕಡಾವಾರು ಮಾತ್ರ ಕೊಡಬೇಡಿ. ಪ್ರತಿ ಪ್ರಭೇದದ ಕಚ್ಚಾ ಎಣಿಕೆ, ಸುರುಳಿಯ ದಿಕ್ಕು, ಚೂರುಗಳ ಸಂಖ್ಯೆ, ಎಷ್ಟು ಸಲ ಅರ್ಧ ಮಾಡಿದಿರಿ, ಕ್ಯಾಲಿಬ್ರೇಷನ್ ಮಾಡದ ರೇಡಿಯೊಕಾರ್ಬನ್ ವಯಸ್ಸು ಎಲ್ಲವನ್ನೂ ಪಟ್ಟಿಯಲ್ಲಿಡಿ, ಸ್ಲೈಡ್‌ಗಳನ್ನು ಕೋರ್‌ನ ಹೆಸರು ಮತ್ತು ಆಳ ಬರೆದು ಒಣ ಜಾಗದಲ್ಲಿ ಜೋಪಾನ ಮಾಡಿ. ಬಲಸುರುಳಿಯ ಪ್ಯಾಕಿಡರ್ಮಾ ಎಂದು ದಶಕಗಳ ಕಾಲ ಬರೆಯುತ್ತಿದ್ದದ್ದನ್ನು 2006ರಲ್ಲಿ ಇನ್ಕಾಂಪ್ಟಾ ಎಂಬ ಬೇರೆ ಪ್ರಭೇದವಾಗಿ ಬೇರ್ಪಡಿಸಿದಾಗ, ದಿಕ್ಕು ಬರೆದಿಟ್ಟ ಹಳೆಯ ಎಣಿಕೆಗಳನ್ನು ಹೆಸರು ಬದಲಿಸಿ ಮತ್ತೆ ಬಳಸಬಹುದಾಗಿತ್ತು. ಬರೀ "ಪ್ಯಾಕಿಡರ್ಮಾ" ಎಂದಿದ್ದವುಗಳಿಗಾಗಿ ಸ್ಲೈಡನ್ನೇ ಮತ್ತೆ ಸೂಕ್ಷ್ಮದರ್ಶಕದಡಿ ಇಡಬೇಕಿತ್ತು.